ಪರಾಗನಾಳ ಬೆಳೆಸಲು ಯಾವ ನೀರು? ಮೂರು ಲೋಟ ಇಟ್ಟು ನೋಡಿದೆವು

ಅಣ್ಣನ ಮಗಳು ಸೆಕೆಂಡ್ ಪಿಯುಸಿ. ಪರಾಗದ ಕಾಳು ಮೊಳೆತು ಸಪೂರ ಬಾಲದಂಥ ನಾಳ ಹೊರಡುವುದನ್ನು ನೋಡುವ ಪ್ರಯೋಗ ಕಾಲೇಜಿನಲ್ಲಿ ಎರಡು ಸಲ ಕೈಕೊಟ್ಟಿತ್ತು. "ಬರೀ ಉಂಡೆ ಕಾಣ್ತವೆ ಚಿಕ್ಕಪ್ಪ" ಅಂದಳು. ಶ್ರಾವಣದ ಒಂದು ಭಾನುವಾರ, ಗೆಳೆಯನ ಮೈಕ್ರೋಸ್ಕೋಪ್ ತಂದು ದಾವಣಗೆರೆಯ ನಮ್ಮ ಮನೆಯಲ್ಲೇ ಕೂತೆವು. ಹೂವು, ಅಂಗಳದ ನಿತ್ಯಪುಷ್ಪ. ಅದರ ಪರಾಗ ಹೊರಗೆ ಕಾಣುವುದಿಲ್ಲ. ಹೂವಿನ ಸಪೂರ ಕೊಳವೆಯನ್ನು ಸೂಜಿಯಿಂದ ಸೀಳಬೇಕು. ನೀರು, ಇನ್ವರ್ಟರ್‌ಗೆ ಹಾಕುವ ಡಿಸ್ಟಿಲ್ಡ್ ವಾಟರ್.

ಮೊದಲ ಲೋಟದಲ್ಲಿ ಬರೀ ಸಕ್ಕರೆ, ಲೀಟರಿಗೆ 100 ಗ್ರಾಂ ಲೆಕ್ಕದಲ್ಲಿ. ಅಲ್ಲೊಂದು ಇಲ್ಲೊಂದು ಕಾಳು ಮೊಳೆಯಿತು. ನಾಳ ಚೂರು ಉದ್ದವಾಗಿ, ತುದಿ ಪಟ್ಟನೆ ಒಡೆದು ಒಳಗಿದ್ದದ್ದೆಲ್ಲ ಚೆಲ್ಲಿಹೋಯಿತು. ಕಾಲೇಜಿನಲ್ಲೂ ಇದೇ ಕೊಟ್ಟಿದ್ದರಂತೆ.

ಎರಡನೆಯದಕ್ಕೆ ಬೋರಿಕ್ ಆಸಿಡ್ ಸೇರಿಸಿದೆವು, ಲೀಟರಿಗೆ 100 ಮಿಲಿಗ್ರಾಂ. ಅಷ್ಟು ಕಮ್ಮಿ ತೂಗಲು ಮನೆಯಲ್ಲಿ ಆಗಲ್ಲ. 1 ಗ್ರಾಂ ಅನ್ನು ಲೀಟರ್ ನೀರಿಗೆ ಹಾಕಿ, ಅದನ್ನು ಹತ್ತುಪಟ್ಟು ತೆಳು ಮಾಡಿಕೊಂಡೆವು. ಅರ್ಧ ಗಂಟೆ ಆಗಿರಬೇಕು, "ಚಿಕ್ಕಪ್ಪಾ, ಬಾಲ ಬಂತು!" ಅಂತ ಕೂಗಿದಳು. ಕಾಳಿಗಿಂತ ಎಷ್ಟೋ ಪಟ್ಟು ಉದ್ದದ ನಾಳಗಳು, ಒಳಗೆ ಸಣ್ಣ ಸಣ್ಣ ಕಣಗಳ ಓಡಾಟ.

ಆ ಓಡಾಟವೇ ಇಲ್ಲಿನ ಮಜಾ. ನಾಳ ಬೆಳೆಯುವುದು ಶಾವಿಗೆ ಒತ್ತಿದ ಹಾಗೆ ಹಿಂದಿನಿಂದ ಅಲ್ಲ, ತುದಿಯಲ್ಲಿ ಮಾತ್ರ. ನಾಳದ ಗೋಡೆಗೆ ಬೇಕಾದ ಪೆಕ್ಟಿನ್ ಎಂಬ ಅಂಟು ಪದಾರ್ಥ ತುಂಬಿದ ಪುಟ್ಟ ಚೀಲಗಳು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಗುಂಟ ಸಾಗಿಬಂದು ಅಲ್ಲಿ ಕೂಡಿಕೊಳ್ಳುತ್ತವೆ. ಒಳಗಿನ ನೀರಿನ ಒತ್ತಡ ಮೆದು ತುದಿಯನ್ನು ಮುಂದಕ್ಕೆ ದೂಡುತ್ತದೆ. ಬೋರಿಕ್ ಆಸಿಡ್‌ನಲ್ಲಿರುವ ಬೋರಾನ್ ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಅದಿಲ್ಲದಿದ್ದರೆ ಮೊದಲ ಲೋಟದ ಗತಿಯೇ.

ಮೂರನೆಯದು ಬ್ರೂಬೇಕರ್ ಮತ್ತು ಕ್ವಾಕ್ ಎಂಬ ವಿಜ್ಞಾನಿಗಳು 1963ರಲ್ಲಿ ಕೊಟ್ಟ ಪಾಕ. ಸಕ್ಕರೆ, ಬೋರಿಕ್ ಜೊತೆಗೆ ಲೀಟರಿಗೆ ಕ್ಯಾಲ್ಸಿಯಂ ನೈಟ್ರೇಟ್ 300, ಮೆಗ್ನೀಷಿಯಂ ಸಲ್ಫೇಟ್ 200, ಪೊಟ್ಯಾಸಿಯಂ ನೈಟ್ರೇಟ್ 100 ಮಿಲಿಗ್ರಾಂ. ಎಲ್ಲ ಗೊಬ್ಬರದಂಗಡಿಯಲ್ಲೇ ಸಿಕ್ಕವು. ಕೊನೆಯದು ನಮ್ಮ ರೈತರ 'ಹದಿಮೂರು ಸೊನ್ನೆ ನಲವತ್ತೈದು' ಗೊಬ್ಬರವೇ. ನಾಳಗಳು ಇನ್ನೂ ನೆಟ್ಟಗೆ ಬಂದವು, ಒಡೆದದ್ದು ತೀರಾ ಕಮ್ಮಿ. ತುದಿಯೊಳಗೆ ಕ್ಯಾಲ್ಸಿಯಂ ಜಾಸ್ತಿ, ಹಿಂದೆ ಹೋದಂತೆ ಕಮ್ಮಿ. ಈ ಏರಿಳಿತ ಕೆಟ್ಟರೆ ಬೆಳವಣಿಗೆಯೇ ನಿಲ್ಲುತ್ತದೆ.

ರೆಕಾರ್ಡ್ ಬುಕ್ಕಿಗೆ ಎರಡನೆಯದು ಧಾರಾಳವಾಗಿ ಸಾಕು. ಮೂರನೆಯದಕ್ಕೆ ತೂಕ ಹಾಕುವುದರಲ್ಲೇ ಒಂದು ಗಂಟೆ ಹೋಯಿತು. ಆದರೂ ನೋಡಲು ಅದೇ ಚೆಂದ, ಸುಳ್ಳು ಹೇಳಲ್ಲ.

ಆಸೆ ತಡೆಯದೆ ಊರಾಚೆ ಹೊಲದಿಂದ ಮೆಕ್ಕೆಜೋಳದ ಸೂಲಂಗಿಯನ್ನೂ (ಗಿಡದ ತುದಿಯ ಗಂಡು ಹೂಗೊಂಚಲು) ತಂದಿದ್ದೆ. ಮೂರೂ ಲೋಟಕ್ಕೆ ಅದು ಬಗ್ಗಲಿಲ್ಲ, ಕಾಳುಗಳು ಒಡೆದೇಹೋದವು. ಹೊಲದಲ್ಲಾದರೆ ಅದೇ ಕಾಳು ತೆನೆಯ ಕೂದಲಿನ ಉದ್ದಕ್ಕೂ, ಗೇಣಿಗಿಂತ ಜಾಸ್ತಿ ದೂರ, ಸುಮಾರು ಒಂದು ದಿನದಲ್ಲಿ ನಾಳ ಇಳಿಸುತ್ತದೆ. ನೀರಿನ ಹನಿ ಅದಕ್ಕೆ ಆಗಿಬರಲ್ಲವೇನೋ. ನೀರನ್ನು ಜೆಲ್ಲಿಯ ಹಾಗೆ ಗಟ್ಟಿ ಮಾಡುವ ಅಗರ್ ತರಿಸಿದ್ದೇನೆ, ಸೂಲಂಗಿ ಬಾಡುವುದರೊಳಗೆ ಇನ್ನೊಂದು ಭಾನುವಾರ ಸಿಗಬೇಕು.