ಎಕನಾಮಿಕ್ಸ್ ಮೇಷ್ಟ್ರುಗಳಿಗೆ ದಾವಣಗೆರೇಲಿ ಎರಡು ದಿನದ ಟ್ರೈನಿಂಗ್, ಹೋಗ್ಬೋದು

ಐನೂರು ರೂಪಾಯಿ ಕಟ್ಟಿ ಹೋಗಿದ್ದೆ. ಮೊದಲ್ನೇ ದಿನ ಬೆಳಿಗ್ಗೆ ಪಿಪಿಟಿ ಓದಿದ್ದೇ ಓದಿದ್ದು, ನಿದ್ದೆ ಬಂತು. ಆದ್ರೆ ಮಧ್ಯಾಹ್ನ ಆಡ್ಸಿದ ಮಾರ್ಕೆಟ್ ಆಟ ಐತಲ್ಲ, ಅದೊಂದಕ್ಕೇ ದುಡ್ಡು ವಸೂಲ್ ರೀ. ಅರ್ಧ ಜನಕ್ಕೆ ಮೆಕ್ಕೆಜೋಳ ಮಾರೋ ರೈತರ ಚೀಟಿ, ಇನ್ನರ್ಧ ಜನಕ್ಕೆ ಕೊಳ್ಳೋರ ಚೀಟಿ, ಒಬ್ಬೊಬ್ಬರದ್ರಲ್ಲಿ ಒಂದೊಂದು ರೇಟು, ಪಕ್ಕದೋರಿಗೆ ತೋರ್ಸಂಗಿಲ್ಲ, ಎಲ್ರೂ ಎದ್ದು ಓಡಾಡ್ಕೊಂಡು ಕೂಗಾಡಿ ವ್ಯಾಪಾರ ಮಾಡ್ಬೇಕು. ಮೊದಲ್ನೇ ರೌಂಡಲ್ಲಿ ರೇಟು ಎಲ್ಲೆಲ್ಲೋ ಇತ್ತು, ಮೂರನೇ ರೌಂಡಿಗೆ ಒಂದೇ ಕಡೆ ಬಂದು ನಿಂತ್ಬಿಡ್ತು, ಆಮೇಲೆ ಅದೇ ಚೀಟಿ ಜೋಡಿಸಿ ಬೋರ್ಡ್ ಮೇಲೆ ಡಿಮಾಂಡು ಸಪ್ಲೈ ಗೆರೆ ಎಳೆದ್ರೆ ಎರಡೂ ಸೇರೋ ಜಾಗದ ಹತ್ರಾನೇ! ಅಮೆರಿಕದ ಅರ್ಥಶಾಸ್ತ್ರಜ್ಞ ವರ್ನನ್ ಸ್ಮಿತ್ ಇಂಥ ಆಟದ ಮೇಲೇ 1962ರಲ್ಲಿ ಪೇಪರ್ ಬರೆದಿದ್ದು, 2002ರಲ್ಲಿ ನೊಬೆಲ್ ಬಂತು. ನಾನು ಹನ್ನೆರಡು ವರ್ಷದಿಂದ ಬರೀ ಗೆರೆ ಎಳೀತಾ ಕೂತಿದ್ದೆ.

ಬೆಣ್ಣೆದೋಸೆ ಲೆಕ್ಕದಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ, ಅಂದ್ರೆ ಒಂದಾದ್ಮೇಲೆ ಒಂದು ತಿಂತಾ ಹೋದಂಗೆ ಪ್ರತಿ ದೋಸೆಯಿಂದ ಸಿಗೋ ತೃಪ್ತಿ ಕಮ್ಮಿ ಆಗ್ತಾ ಹೋಗೋದು, ಹೇಳಿದ್ದು ಹಳೇ ಸರಕು, ನಾವೆಲ್ಲ ಮಾಡೋದೇ (ನಾಲ್ಕನೇ ದೋಸೆಗೂ ತುಷ್ಟಿ ಇಳಿಯಲ್ಲ ಅನ್ನೋ ಹುಡುಗ್ರು ನಮ್ಮಲ್ಲಿ ಅದಾರೆ). ಊಟ ಸುಮಾರು, ಮೈಕ್ ಅಂತೂ ಕೇಳ್ಬೇಡಿ. ಚೀಟಿಗಳು ಪೂರಾ ಇಂಗ್ಲಿಷಲ್ಲಿ ಇದ್ವು, ನಮ್ ಬಿಎ ಹುಡುಗ್ರಿಗೆ ಅಂತ ಮನೇಲಿ ನಾನೇ ಕೂತು ಕನ್ನಡದಲ್ಲಿ ಬರ್ಕೊಂಡೆ. ಮುಂದಿನ ಸಲ ಹೋಗೋರು ಮೊದಲ್ನೇ ದಿನ ಊಟದ ಹೊತ್ತಿಗೆ ಹೋದ್ರೂ ನಡೀತದೆ.