ತಾಡ್‌ದೇವ್ ಗಲ್ಲಿಯ ಮೀಟರ್ ಅಂಗಡಿ: ನನ್ನ ಎಂಜಿಬಿಯ ಟೆಂಪರೇಚರ್ ಮುಳ್ಳು ಮತ್ತೆ ಎದ್ದಿತು

ಮುಂಬೈಯಲ್ಲಿ ಹಳೆ ಕಾರಿನ ಡ್ಯಾಶ್‌ಬೋರ್ಡ್ ಮೀಟರ್ ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಎಂದು ಯಾರಾದರೂ ಕೇಳಿದರೆ ಇನ್ನು ಮುಂದೆ ನಾನು ಹೇಳುವುದು ಒಂದೇ ಜಾಗ. ತಾಡ್‌ದೇವ್ ಆರ್‌ಟಿಒ ಹತ್ತಿರದ ಗಲ್ಲಿಯಲ್ಲಿ, ಮೂರು ಜನ ನಿಂತರೆ ತುಂಬಿಹೋಗುವ ಒಂದು ಅಂಗಡಿ. ಬೋರ್ಡಿನ ಮೇಲೆ ಮರಾಠಿಯಲ್ಲಿ ‘ಮೀಟರ್ ರಿಪೇರಿ’ ಎಂದಿದೆ, ಅಷ್ಟೇ. ನಡೆಸುವವರು ಬೈಂದೂರು ಕಡೆಯವರು. ಗಲ್ಲಿಯವರೆಲ್ಲ ‘ಅಣ್ಣಾ’ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ನನ್ನದು ಬ್ರಿಟನ್ನಿನ ಎಂಜಿ ಕಂಪನಿಯ 1966ರ ಎಂಜಿಬಿ ರೋಡ್‌ಸ್ಟರ್. ಎರಡೇ ಸೀಟು, ಬಟ್ಟೆಯ ಹುಡ್, 1798 ಸಿಸಿ ಇಂಜಿನ್. ದಾದರ್ ಪಾರ್ಸಿ ಕಾಲೋನಿಯ ಹಿರಿಯರೊಬ್ಬರಿಂದ ಕೊಂಡಿದ್ದು. ಅವರು ಅದನ್ನು ಮಗುವಿನಂತೆ ನೋಡಿಕೊಂಡಿದ್ದರು. ಇಂಗ್ಲೆಂಡಿನ ಆಬಿಂಗ್‌ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಮಾದರಿಯ ಕಾರುಗಳು ಐದು ಲಕ್ಷಕ್ಕೂ ಜಾಸ್ತಿ ತಯಾರಾದವು. ಹಾಗಾಗಿ ಬಿಡಿಭಾಗಗಳು ಇವತ್ತಿಗೂ ಅಲ್ಲಿ ಸಿಗುತ್ತವೆ. ತರಿಸಿಕೊಳ್ಳುವುದೇ ಕಷ್ಟ. ಹಡಗಿನ ಖರ್ಚು, ಕಸ್ಟಮ್ಸ್, ಕಾಯುವುದು. ಈಗ ನಮ್ಮ ರಸ್ತೆಯಲ್ಲಿ ಓಡುವ ಎಂಜಿ ಕಾರುಗಳ ಶೋರೂಮಿಗೆ ಹೋಗಿ ಕೇಳಿ ಪ್ರಯೋಜನವಿಲ್ಲ. ಹೆಸರು ಅದೇ ಇದ್ದರೂ ಅದರ ಒಡೆತನ ಈಗ ಚೀನಾದ ಕಂಪನಿಯದು, ಈ ಕಾರಿಗೂ ಅದಕ್ಕೂ ಒಂದು ಸ್ಕ್ರೂ ಕೂಡ ಹೊಂದುವುದಿಲ್ಲ.

ಕೆಟ್ಟಿದ್ದು ಟೆಂಪರೇಚರ್ ಮೀಟರ್. ಈ ಕಾರಿನಲ್ಲಿ ಅದು ಆಯಿಲ್ ಪ್ರೆಶರ್ ಮೀಟರಿನ ಜೊತೆ ಒಂದೇ ಡಬ್ಬಿಯಲ್ಲಿದೆ. ಸ್ಮಿತ್ಸ್ ಕಂಪನಿಯದು. ಎರಡಕ್ಕೂ ಕರೆಂಟ್ ಬೇಡ. ಇಂಜಿನ್ ಹೆಡ್ಡಿನಲ್ಲಿ ಒಂದು ತಾಮ್ರದ ಬಲ್ಬ್ ಕೂತಿರುತ್ತದೆ. ಅದರೊಳಗೆ ಈಥರ್ ಎಂಬ, ಬೇಗ ಆವಿಯಾಗುವ ದ್ರವ. ಬಲ್ಬಿನಿಂದ ಮೀಟರಿನವರೆಗೆ ಕೂದಲಿನಷ್ಟು ಸಣ್ಣ ತೂತಿನ ಒಂದು ಕೊಳವೆ, ಅದಕ್ಕೆ ಕ್ಯಾಪಿಲರಿ ಅನ್ನುತ್ತಾರೆ. ಇಂಜಿನ್ ಬಿಸಿಯಾದಂತೆ ಈಥರ್ ಆವಿಯಾಗಿ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಮೀಟರಿನೊಳಗಿನ ಬಾಗಿದ ಚಪ್ಪಟೆ ಕೊಳವೆ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಮುಳ್ಳು ತಿರುಗುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಎಷ್ಟು ಸರಳ ನೋಡಿ! ಆದರೆ ಕೊಳವೆ ಎಲ್ಲಾದರೂ ಸೀಳಿದರೆ ಈಥರ್ ಹಾರಿಹೋಗುತ್ತದೆ. ಮುಳ್ಳು ತಳಕ್ಕೆ ಬಿದ್ದು ಅಲ್ಲೇ ಇರುತ್ತದೆ.

ನನ್ನ ಕಾರಿನಲ್ಲಿ ಆಗಿದ್ದೂ ಅದೇ. ಬೇರೆ ಒಂದು ಗ್ಯಾರೇಜಿನಲ್ಲಿ ಹೀಟರ್ ಪೈಪ್ ಬದಲಿಸುವಾಗ ಆ ಕೊಳವೆಯನ್ನು ವಯರ್ ಎಂದುಕೊಂಡು ಮಡಚಿ ಕಟ್ಟಿದ್ದರು. ಅಲ್ಲೇ ಬಿರುಕು ಬಿಟ್ಟಿತು. ಕೇಳಿದ್ದಕ್ಕೆ, “ಇದು ಹೋಯ್ತು ಮೇಡಂ, ಡ್ಯಾಶ್‌ಬೋರ್ಡ್ ಕೆಳಗೆ ಹೊಸ ಎಲೆಕ್ಟ್ರಿಕ್ ಮೀಟರ್ ಹಾಕಿಕೊಡುತ್ತೇವೆ” ಎಂದರು. ನನಗೆ ತುಂಬಾ ಬೇಜಾರಾಯಿತು. ಈ ಕಾರಿಗೆ ಟೆಂಪರೇಚರ್ ಮೀಟರ್ ಬರೀ ಅಲಂಕಾರ ಅಲ್ಲ. ಕಬ್ಬಿಣದ ಇಂಜಿನ್, ಕಾರಿನ ವಯಸ್ಸಿನದೇ ರೇಡಿಯೇಟರ್, ಮೇಲೆ ಮುಂಬೈ ಟ್ರಾಫಿಕ್. ಕಾವು ಏರಿದ್ದು ಗೊತ್ತಾಗದೆ ಓಡಿಸಿದರೆ ಇಂಜಿನ್ ಹೆಡ್ಡಿನ ಕೆಳಗೆ ಸೀಲ್ ಆಗಿರುವ ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಆಮೇಲೆ ಹಲ್ಲು ಕಚ್ಚಿಕೊಂಡು ದುಡ್ಡು ಸುರಿಯಬೇಕು.

ಅಣ್ಣನ ಅಂಗಡಿ ತೋರಿಸಿದ್ದು ಮಾಟುಂಗಾದ ಒಬ್ಬ ಹಳೆ ಟ್ಯಾಕ್ಸಿ ಡ್ರೈವರ್. ಅದಕ್ಕೆ ಕಾರಣವಿದೆ. ಅಣ್ಣ ಕೆಲಸ ಕಲಿತದ್ದೇ ಟ್ಯಾಕ್ಸಿ ಮೀಟರುಗಳ ಮೇಲೆ. ಕಾಳಿ-ಪೀಳಿ (ಕಪ್ಪು-ಹಳದಿ) ಪದ್ಮಿನಿ ಟ್ಯಾಕ್ಸಿಗಳ ಬಾನೆಟ್ ಪಕ್ಕ ಹೊರಗೆ ಕೂತಿರುತ್ತಿದ್ದ ಕಬ್ಬಿಣದ ಮೀಟರ್ ನೆನಪಿದೆಯಲ್ವಾ? ಅದು ತೋರಿಸಿದ ಅಂಕಿಯನ್ನು ಡ್ರೈವರ್ ಕಾರ್ಡಿನಲ್ಲಿ ಹುಡುಕಿ ಬಾಡಿಗೆ ಹೇಳುತ್ತಿದ್ದರು. ಅದರ ಹಲ್ಲುಚಕ್ರ, ಕೇಬಲ್ ಎಲ್ಲ ಇಂಥ ಅಂಗಡಿಗಳಲ್ಲೇ ರಿಪೇರಿ ಆಗುತ್ತಿದ್ದವು. ಆಮೇಲೆ ಎಲೆಕ್ಟ್ರಾನಿಕ್ ಮೀಟರ್ ಬಂತು. ಇದೇ ತಾಡ್‌ದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್ 29ರಂದು ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಯಿತು. ಟ್ಯಾಕ್ಸಿಗಳಿಗೆ ಇಲ್ಲಿ 20 ವರ್ಷದ ಮಿತಿ. 2023ರ ಅಕ್ಟೋಬರ್ ಕೊನೆಗೆ ಅವೂ ಮುಗಿದವು. ಅಣ್ಣನ ಬೆಂಚಿನ ಮೇಲೆ ಈಗ ಹಳೆ ಜೀಪು, ಬುಲೆಟ್, ಟ್ರ್ಯಾಕ್ಟರುಗಳ ಮೀಟರುಗಳಿವೆ. ಜೊತೆಗೆ ನಮ್ಮಂಥವರ ಕಾರುಗಳದ್ದು.

ಅವರು ಮೊದಲು ಮೀಟರ್ ಮುಟ್ಟಲೇ ಇಲ್ಲ. “ಮುಳ್ಳು ಬಿದ್ದದ್ದು ಒಮ್ಮೆಲೇನಾ, ಅಲ್ಲ ನಿಧಾನಕ್ಕಾ? ಇಂಜಿನಿಗೆ ಕೈ ಹಾಕಿದ್ದು ಯಾರು? ನೀರು ಕಡಿಮೆ ಆಗ್ತದಾ?” ಹೀಗೆ ಕೇಳುತ್ತಾ ಹೋದರು. ನನ್ನ ಹಿಂದಿ ಕೇಳಿ, “ನೀವು ಯಾವ ಕಡೆಯವರು ಮೇಡಂ?” ಎಂದರು. ಸಾಗರ ಎಂದೆ. ಅಲ್ಲಿಂದ ಮಾತೆಲ್ಲ ಕನ್ನಡದಲ್ಲೇ. ಬಾನೆಟ್ ಎತ್ತಿ, ಕೊಳವೆಯನ್ನು ಬೆರಳಲ್ಲಿ ಸವರುತ್ತಾ ಹೋಗಿ, ಮಡಿಕೆಯ ಹತ್ತಿರ ನಿಂತರು. “ಮೀಟರಿಗೆ ಎಂತ ಆಗ್ಲಿಲ್ಲ ಮಾರಾಯ್ರೆ. ಇಲ್ಲಿ ಒಡೆದದ್ದು.”

ಬಿಚ್ಚುವ ಮೊದಲು ಬ್ಯಾಟರಿ ಎಲ್ಲಿ ಎಂದು ಕೇಳಿದರು. ಎಂಜಿಬಿಯಲ್ಲಿ ಆರಾರು ವೋಲ್ಟಿನ ಎರಡು ಬ್ಯಾಟರಿ ಸೀಟಿನ ಹಿಂದೆ ಅಡಗಿರುತ್ತವೆ. 1966ರ ಕಾರಾದ್ದರಿಂದ ಕಾರಿನ ಲೋಹದ ಮೈಗೆ ಕೂಡಿಸಿರುವುದು ಬ್ಯಾಟರಿಯ ಪ್ಲಸ್, ಈಗಿನ ಹಾಗೆ ಮೈನಸ್ ಅಲ್ಲ. ಎಷ್ಟೋ ಮೆಕ್ಯಾನಿಕ್‌ಗಳು ಇದನ್ನು ನೋಡದೆ ಕೈ ಹಾಕುತ್ತಾರೆ. ಅಣ್ಣ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ ಖಚಿತ ಮಾಡಿಕೊಂಡೇ ವಯರ್ ತೆಗೆದರು.

ಕೊಳವೆಯ ರಿಪೇರಿಯನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಅಣ್ಣ ಹೊಸ ಟ್ರ್ಯಾಕ್ಟರ್ ಟೆಂಪರೇಚರ್ ಮೀಟರ್ ಒಂದನ್ನು ತರಿಸಿದ್ದರು. ಬಲ್ಬಿನ ಅಳತೆ ಒಂದೇ ಇರುವಂಥದ್ದು. ಅದರೊಳಗೂ ಇದೇ ಥರ ಬಲ್ಬು, ಕೊಳವೆ, ಈಥರ್. ಅದರ ಕೊಳವೆ ಕತ್ತರಿಸಿ ನನ್ನ ಮೀಟರಿಗೆ ಜೋಡಿಸಬೇಕು. ಆದರೆ ಈಥರ್ ಕುದಿಯುವುದು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಮುಂಬೈ ಸೆಖೆಯಲ್ಲಿ ಕೊಳವೆ ಕತ್ತರಿಸಿದರೆ ನಿಮಿಷದಲ್ಲಿ ಖಾಲಿ. ಅದಕ್ಕೆ ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ತಂದು, ಪುಡಿ ಮಾಡಿ, ಕಲ್ಲುಪ್ಪು ಬೆರೆಸಿ ಸ್ಟೀಲ್ ಡಬ್ಬಿಗೆ ತುಂಬಿದರು. ಉಪ್ಪು ಬಿದ್ದರೆ ಐಸ್ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಅದರಲ್ಲಿ ಬಲ್ಬನ್ನು ಮುಳುಗಿಸಿಟ್ಟು ಚಹಾ ಕುಡಿಯಲು ಹೋದೆವು. ಬರುವಷ್ಟರಲ್ಲಿ ಡಬ್ಬಿಯ ಹೊರಮೈಗೆ ಬಿಳಿ ಹಿಮ ಕಟ್ಟಿತ್ತು. ಈಥರ್ ಎಲ್ಲ ದ್ರವವಾಗಿ ಬಲ್ಬಿನೊಳಗೆ ಇಳಿದಿದೆ ಎಂದು ಅರ್ಥ.

ಆಮೇಲೆ ಕತ್ತರಿ. ಹಳೆ ಬಲ್ಬಿನ ಹಿತ್ತಾಳೆ ನಟ್ಟನ್ನೂ, ಕೊಳವೆಯನ್ನು ಕಾಯುವ ಸುರುಳಿ ಸ್ಪ್ರಿಂಗನ್ನೂ ಮೊದಲೇ ಹೊಸ ಕೊಳವೆಗೆ ಏರಿಸಿಕೊಂಡರು. ಮರೆತರೆ ಬೆಸುಗೆ ಹಾಕಿದ ಮೇಲೆ ಏರಿಸಲು ಬರುವುದಿಲ್ಲ. ಎರಡು ತುದಿಗಳನ್ನು ಒಂದಿಂಚಿನ ತಾಮ್ರದ ನಳಿಕೆಯೊಳಗೆ ಸೇರಿಸಿ ಬೆಸುಗೆ ಹಾಕಿದರು. ಸೀಸ ಜಾಸ್ತಿ ಹರಿದರೆ ಒಳಗಿನ ತೂತೇ ಮುಚ್ಚಿಹೋಗುತ್ತದೆ. ಅಷ್ಟು ಹೊತ್ತೂ ಬಲ್ಬು ಐಸಿನಲ್ಲೇ. ಈಥರ್ ಬೆಂಕಿಗೆ ಪೆಟ್ರೋಲಿನಷ್ಟೇ ಅಪಾಯ. ಬೆಂಕಿಯ ಉರಿ ಬಳಸಲೇ ಇಲ್ಲ, ದಪ್ಪ ಸೋಲ್ಡರಿಂಗ್ ಐರನ್ ಮಾತ್ರ. ಬಾಗಿಲು ಪೂರ್ತಿ ತೆರೆದಿತ್ತು. ದಯವಿಟ್ಟು ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಪರೀಕ್ಷೆ ಮಾಡಿದ್ದು ಸ್ಟೌವ್ ಮೇಲೆ ಕುದಿಯುವ ನೀರಿನಲ್ಲಿ. ಸಮುದ್ರ ಮಟ್ಟದ ಊರು, ನೀರು ಕುದಿಯುವುದು ಸರಿಯಾಗಿ 100 ಡಿಗ್ರಿಗೆ. ಈ ಮೀಟರಿನ ಲೆಕ್ಕ ಫ್ಯಾರನ್‌ಹೀಟಿನಲ್ಲಿ, ಅಂದರೆ 212. ಬಲ್ಬನ್ನು ಇಳಿಸಿದ ಕೂಡಲೇ ಮುಳ್ಳು ನಿಧಾನವಾಗಿ ಏಳತೊಡಗಿತು. 190 ದಾಟಿತು, ಮೇಲೇರಿತು, ಇರಬೇಕಾದ್ದಕ್ಕಿಂತ ಸ್ವಲ್ಪ ಕೆಳಗೆ ನಿಂತಿತು. ನನಗೆ ಅಷ್ಟೇ ಸಾಕಾಗಿತ್ತು, ಖುಷಿಯಿಂದ ಕೂಗಿಯೇಬಿಟ್ಟೆ. ಅಣ್ಣನಿಗೆ ಸಾಲಲಿಲ್ಲ. ಮುಳ್ಳನ್ನು ಎತ್ತಿ, ಒಂದು ಕೂದಲಿನಷ್ಟು ತಿರುಗಿಸಿ ಕೂರಿಸಿದರು. ತಣ್ಣೀರು ಬೆರೆಸುತ್ತಾ ಗಾಜಿನ ಥರ್ಮಾಮೀಟರಿನ ಜೊತೆ ತಾಳೆ ನೋಡಿದರು. “ಕುದಿಯುವಲ್ಲಿ ಸರಿ ಬಂದು ನಡುವೆ ತಪ್ಪಿದ್ರೆ ಎಂತ ಉಪಯೋಗ? ನೀವು ಓಡಿಸುವುದು ನಡುವೆಯೇ ಅಲ್ವಾ?”

ಆಯಿಲ್ ಪ್ರೆಶರ್ ಮೀಟರಿಗೆ ಬರುವ ಆಯಿಲ್ ಪೈಪಿನ ಜೋಡಣೆಗೆ ಒಂದು ಸಣ್ಣ ತೊಗಲಿನ ವಾಷರ್ ಇರುತ್ತದೆ. ಹಳೆಯದು ಒಣಗಿ ಪುಡಿಯಾಗಿತ್ತು. ಚಪ್ಪಲಿ ಹೊಲಿಯುವವರಿಂದ ತೊಗಲಿನ ತುಂಡು ತಂದು, ಪಂಚಿನಲ್ಲಿ ಹೊಡೆದು, ಎಣ್ಣೆಯಲ್ಲಿ ನೆನೆಸಿ ಹಾಕಿದರು. ಅದು ಇಲ್ಲದಿದ್ದರೆ ಬಿಸಿ ಆಯಿಲ್ ಸೀದಾ ಡ್ರೈವರಿನ ಮೊಣಕಾಲ ಮೇಲೆ.

ಪೆಟ್ರೋಲ್ ಮೀಟರನ್ನೂ ನೋಡಿ ಎಂದು ಕೇಳಿಕೊಂಡೆ. ಅರ್ಧ ಟ್ಯಾಂಕ್ ಇದ್ದರೂ ಮುಳ್ಳು ಜಾಸ್ತಿ ತೋರಿಸುತ್ತಿತ್ತು. ಇದು ಕರೆಂಟಿನ ಮೀಟರ್. ಡ್ಯಾಶ್‌ಬೋರ್ಡ್ ಹಿಂದಿರುವ ಸ್ಟೆಬಿಲೈಸರ್ ಡಬ್ಬಿ ಬ್ಯಾಟರಿಯ 12 ವೋಲ್ಟನ್ನು ಬಿಟ್ಟು ಬಿಟ್ಟು ಕೊಟ್ಟು, ಸರಾಸರಿ 10 ವೋಲ್ಟಿಗೆ ಇಳಿಸುತ್ತದೆ. ಆ ಡಬ್ಬಿಗೆ ಅರ್ಥಿಂಗ್ ತಪ್ಪಿದರೆ ಹೀಗೆ ನಡುನಡುವೆ ಕಡಿಯುವುದೇ ನಿಲ್ಲುತ್ತದೆ, ಪೂರ್ತಿ ವೋಲ್ಟು ಮೀಟರಿಗೆ ನುಗ್ಗುತ್ತದೆ. ಟೆಸ್ಟ್ ಲ್ಯಾಂಪ್ ಹಚ್ಚಿದಾಗ ಮಿಣುಕಬೇಕಿತ್ತು, ಸುಮ್ನೆ ಉರಿಯುತ್ತಲೇ ಇತ್ತು. ಸ್ಕ್ರೂ ಬಿಚ್ಚಿ, ತುಕ್ಕು ಕೆರೆದು, ಬಿಗಿ ಮಾಡಿದರು. ದೀಪ ಮಿಣುಕಿತು. ಇದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಬೇರೆಯವರಾಗಿದ್ದರೆ ಹೊಸ ಮೀಟರನ್ನೇ ಕಟ್ಟುತ್ತಿದ್ದರು.

ಒಟ್ಟು 4,000 ರೂಪಾಯಿ ಆಯಿತು, ಟ್ರ್ಯಾಕ್ಟರ್ ಮೀಟರಿನ ಬೆಲೆಯೂ ಸೇರಿ. ನನ್ನ ಪ್ರಕಾರ ಇದು ಕಡಿಮೆಯೇ.

ಕೊರತೆಗಳನ್ನೂ ಹೇಳಬೇಕು. ಕ್ರೋಮ್ ಬಳೆ ತೆಗೆಯುವಾಗ ಕೆಳಗಡೆ ಒಂದು ಗೀರು ಬಿದ್ದಿದೆ. ಗಾಜು ಒಳಗಿನಿಂದ ಚೆನ್ನಾಗಿ ಒರೆಸಿ ಕೊಟ್ಟರು, ಆದರೆ ಮಾಸಿದ ಡಯಲಿಗೆ ಬಣ್ಣ ಹಾಕಲು ಒಪ್ಪಲೇ ಇಲ್ಲ. “ಈ ಅಕ್ಷರ ನನ್ನ ಕೈಯಲ್ಲಿ ಬರುವುದಿಲ್ಲ, ಹಾಳು ಮಾಡುವುದು ಬೇಡ” ಎಂದರು. ಆಗ ಸ್ವಲ್ಪ ನಿರಾಸೆ ಆಯಿತು, ಈಗ ಅದೇ ಸರಿ ಅನ್ನಿಸುತ್ತದೆ. ಟ್ಯಾಕೋಮೀಟರ್, ಅಂದರೆ ಇಂಜಿನ್ ತಿರುಗುವ ವೇಗ ತೋರಿಸುವ ಮೀಟರಿನ ಕೆಲಸವನ್ನು ಅವರು ಹಿಡಿಯುವುದಿಲ್ಲ. ಈ ಕಾಲದ ಎಂಜಿಬಿಯಲ್ಲಿ ಅದರೊಳಗೆ ಎಲೆಕ್ಟ್ರಾನಿಕ್ಸ್ ಇದೆ, ಅದಕ್ಕೆ ಬೇರೆಯವರ ಹತ್ತಿರ ಕಳಿಸುತ್ತಾರೆ. ಬಿಲ್ ಸಿಗುವುದಿಲ್ಲ. ಫೋನಿನಲ್ಲಿ ಮೊದಲೇ ಹೇಳಿ ಹೋಗುವ ವ್ಯವಸ್ಥೆಯೂ ಇಲ್ಲ. ಚೌತಿಗೆ ಊರಿಗೆ ಹೋದರೆ ಅಂಗಡಿ ಬಾಗಿಲು ಹಾಕಿರುತ್ತದೆ.

ರಿಪೇರಿ ಆದ ಮೇಲೆ ಹಳೆ ಮುಂಬೈ-ಪುಣೆ ರಸ್ತೆಯಲ್ಲಿ ಖಂಡಾಳಾ ಘಾಟಿ ಹತ್ತಿಸಿ ನೋಡಿದೆ. ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಏರುವಾಗ ಮುಳ್ಳು 190 ದಾಟಿ ಮೇಲೆ ಹೋಯಿತು. ಇಂಜಿನ್ನಿನ ಕಾವನ್ನು ಎಳೆದುಕೊಳ್ಳಲಿ ಎಂದು ಹೀಟರ್ ಪೂರ್ತಿ ತೆರೆದೆ, ಬಿಸಿ ಗಾಳಿ ಕಾಲಿಗೆ ಬಡಿಯಿತು, ಮುಳ್ಳು ಇಳಿಯಿತು. ಲೋಣಾವಳ ಬರುವಷ್ಟರಲ್ಲಿ ತನ್ನ ಜಾಗಕ್ಕೆ ಬಂದಿತ್ತು. ಮೀಟರ್ ಇಲ್ಲದಿದ್ದರೆ ಆ ಏರು ಹತ್ತಿಸುವ ಧೈರ್ಯವೇ ನನಗಿರಲಿಲ್ಲ.

ಹೋಗುವವರಿಗೆ ಒಂದು ಮಾತು. ಕೊಳವೆ ಒಡೆದಿದ್ದರೆ ಅದನ್ನು ಕತ್ತರಿಸಿ ಬಿಸಾಡಬೇಡಿ. ಮೀಟರ್, ಕೊಳವೆ, ಬಲ್ಬು, ನಟ್ಟು ಎಲ್ಲ ಒಟ್ಟಿಗೇ ತನ್ನಿ. ಸಾಧ್ಯವಾದರೆ ಕಾರನ್ನೇ ತನ್ನಿ. ಭಾನುವಾರ ಬೆಳಿಗ್ಗೆ ಗಲ್ಲಿಯಲ್ಲಿ ನಿಲ್ಲಿಸಲು ಜಾಗ ಇರುತ್ತದೆ. ಅಣ್ಣನಿಗೂ ಕೆಲಸ ಕಡಿಮೆ ಇರುತ್ತದೆ, ಪ್ರತಿ ಹೆಜ್ಜೆಯನ್ನೂ ವಿವರಿಸಿ ತೋರಿಸುತ್ತಾರೆ.