ಜಾವಾದ ಕಬ್ಬಿನ ರೈಲಿನ ಹಿತ್ತಾಳೆ ಮಾದರಿ: ಎಂಜಿನ್ ಚೆನ್ನ, ಉರುವಲು ತಪ್ಪು

ರೈಲು ಮಾದರಿಗಳನ್ನು ಕೈಯಿಂದಲೇ ತಯಾರಿಸಿಕೊಡುವ ಸಣ್ಣ ಕಾರ್ಯಾಗಾರವೊಂದು ಬಸವನಗುಡಿಯಲ್ಲಿದೆ. ಇಂಡೋನೇಷ್ಯಾದ ಜಾವಾ ದ್ವೀಪದ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಎಳೆಯುತ್ತಿದ್ದ, ಜರ್ಮನಿಯ ಓರೆನ್‌ಸ್ಟೈನ್ ಮತ್ತು ಕೊಪ್ಪೆಲ್ ಕಂಪನಿಯ ಎಂಟು ಚಕ್ರಗಳ ಉಗಿ ಎಂಜಿನ್ನಿನ ಮಾದರಿಯನ್ನು ನಾನು ಅಲ್ಲಿ ಹೇಳಿ ಮಾಡಿಸಿದೆ. ಟೆಂಡರ್, ಅಂದರೆ ಎಂಜಿನ್ನಿನ ಹಿಂದಿನ ಉರುವಲಿನ ಬಂಡಿ, ಸೇರಿ ಬೆಲೆ 38,000 ರೂಪಾಯಿ. ಹಳಿ ಮತ್ತು ವಿದ್ಯುತ್ ನಿಯಂತ್ರಕ ಬೇರೆ.

ಅಳತೆಯ ವಿಷಯದಲ್ಲಿ ತಯಾರಕರನ್ನು ಮೆಚ್ಚಲೇಬೇಕು. ಜಾವಾದ ಬಹುಪಾಲು ಕಬ್ಬಿನ ರೈಲುಗಳ ಹಳಿಗಳ ಅಂತರ 700 ಮಿ.ಮೀ. ಇದ್ದುದರಿಂದ, 1:22 ಪ್ರಮಾಣದ ಈ ಮಾದರಿ 32 ಮಿ.ಮೀ. ಹಳಿಯ ಮೇಲೆ ಹೆಚ್ಚುಕಡಿಮೆ ಕರಾರುವಾಕ್ಕಾಗಿ ಕೂರುತ್ತದೆ. ಹೊಟ್ಟೆ ಉಬ್ಬಿದ ಹೊಗೆಕೊಳವೆಯನ್ನು ಹಿತ್ತಾಳೆ ತಗಡಿನಲ್ಲಿ ಬೆಸುಗೆಯ ಗುರುತೇ ಕಾಣದಂತೆ ಮಡಿಸಿದ್ದಾರೆ, ಮೇಲಿನ ಕಿಡಿ ತಡೆಯುವ ಜಾಲರಿಯನ್ನೂ ಬಿಟ್ಟಿಲ್ಲ. ಒಣಗಿದ ಕಬ್ಬಿನ ಗದ್ದೆಗಳ ನಡುವೆ ಓಡುವ ಎಂಜಿನ್ನಿಗೆ ಈ ಜಾಲರಿ ಅಲಂಕಾರವಲ್ಲ.

ಇಷ್ಟು ತಿಳಿದವರು ಟೆಂಡರಿನಲ್ಲಿ ಕಲ್ಲಿದ್ದಲು ತುಂಬಿಕೊಟ್ಟಿರುವುದೇ ನನ್ನ ದೊಡ್ಡ ತಕರಾರು. ಜಾವಾದ ಈ ಎಂಜಿನ್ನುಗಳ ಮುಖ್ಯ ಉರುವಲು, ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆ. ಮಂಡ್ಯದ ಆಲೆಮನೆಯಲ್ಲಿ ಅದೇ ಸಿಪ್ಪೆಯನ್ನು ಒಣಗಿಸಿ ಕೊಪ್ಪರಿಗೆಯ ಕೆಳಗೆ ಉರಿಸುವುದನ್ನು ಕಂಡವರಿಗೆ ಲೆಕ್ಕ ತಾನಾಗಿ ಹೊಳೆಯುತ್ತದೆ: ಕಾರ್ಖಾನೆಯೇ ಉರುವಲನ್ನು ಬಿಟ್ಟಿಯಾಗಿ ಕೊಡುವಾಗ ಡೀಸೆಲ್ ಕೊಳ್ಳುವ ಅವಸರ ಯಾರಿಗೂ ಇರಲಿಲ್ಲ. ಕಬ್ಬು ಅರೆಯುವ ಕೆಲಸ ವರ್ಷದ ಕೆಲವೇ ತಿಂಗಳು ನಡೆಯುತ್ತಿದ್ದುದರಿಂದ, ಉಳಿದ ಕಾಲದಲ್ಲಿ ಕಾರ್ಖಾನೆಯ ಕಮ್ಮಟದಲ್ಲೇ ಎಂಜಿನ್ನುಗಳನ್ನು ಬಿಚ್ಚಿ ದುರಸ್ತಿ ಮಾಡಲು ಪುರಸೊತ್ತೂ ಸಿಗುತ್ತಿತ್ತು. ನಮ್ಮ ರೈಲ್ವೆಯ ಮುಖ್ಯ ಮಾರ್ಗಗಳಿಂದ ಉಗಿ ಎಂಜಿನ್ನುಗಳು 1990ರ ದಶಕದಲ್ಲಿ ಮರೆಯಾದರೂ, ಒಲೇಯಾನ್, ಸೆಂಬೊರೊ ಮುಂತಾದ ಕಾರ್ಖಾನೆಗಳಲ್ಲಿ ಅವು 2000ನೇ ಇಸವಿ ದಾಟಿದ ಮೇಲೂ ದುಡಿದದ್ದು ಹೀಗೆ. ಸಿಪ್ಪೆ ಬೇಗ ಉರಿದುಹೋಗುವುದರಿಂದ ಅದನ್ನು ಪಿಂಡಿ ಕಟ್ಟಿ ಟೆಂಡರಿನಲ್ಲಿ ಎತ್ತರಕ್ಕೆ ಒಟ್ಟುತ್ತಿದ್ದರು. ಆ ರಾಶಿಯಿಲ್ಲದ ಮಾದರಿ ಜಾವಾದ್ದೆನಿಸುವುದಿಲ್ಲ. ತಯಾರಕರನ್ನು ಕೇಳಿದಾಗ, "ಸಿಪ್ಪೆ ಹಾಕಿದ್ರೆ ಗಲೀಜಾಗಿ ಕಾಣತ್ತೆ ಸಾರ್" ಎಂದರು. ಕೊನೆಗೆ ಗಾಂಧಿ ಬಜಾರಿನ ಕಬ್ಬಿನ ಹಾಲಿನ ಗಾಡಿಯಿಂದ ಒಂದು ಹಿಡಿ ಸಿಪ್ಪೆ ತಂದು, ಬಿಸಿಲಿಗೆ ಒಣಗಿಸಿ, ಕತ್ತರಿಸಿ ನಾನೇ ಪಿಂಡಿ ಕಟ್ಟಿಟ್ಟೆ. ಖರ್ಚು ಸೊನ್ನೆ.

ಇನ್ನೊಂದು ಕೊರತೆ ಚಕ್ರಗಳದ್ದು. ಗದ್ದೆಯ ಬದಿಯ ಕಡಿದಾದ ತಿರುವುಗಳಿಗೆಂದು ಇಂಥ ಹಲವು ಎಂಜಿನ್ನುಗಳಲ್ಲಿ ಕ್ಲೀನ್-ಲಿಂಡ್ನರ್ ಎಂಬ ಟೊಳ್ಳು ಅಚ್ಚುಗಳನ್ನು ಅಳವಡಿಸಿ, ಮೊದಲ ಮತ್ತು ಕೊನೆಯ ಜೋಡಿ ಚಕ್ರಗಳು ಸ್ವಲ್ಪ ಪಕ್ಕಕ್ಕೆ ಹೊರಳುವಂತೆ ಮಾಡುತ್ತಿದ್ದರು. ಮಾದರಿಯಲ್ಲಿ ನಾಲ್ಕು ಅಚ್ಚುಗಳೂ ಬಿಗಿಯಾಗಿವೆ. ಬಿಗಿ ತಿರುವಿನಲ್ಲಿ ಮುಂದಿನ ಚಕ್ರ ಹಳಿಯ ಮೇಲೇರಿ ನಿಲ್ಲುತ್ತದೆ. ಮೇಜಿನಷ್ಟೇ ಜಾಗವಿರುವ ಮನೆಯವರು ಇದನ್ನು ಗಾಜಿನ ಕಪಾಟಿನಲ್ಲಿಡಲು ಮಾತ್ರ ಕೊಳ್ಳಬಹುದು. ನೇರ ಹಳಿಯಲ್ಲಿ ಮೋಟಾರು ಸದ್ದಿಲ್ಲದೆ, ನಿಜವಾದ ಕಬ್ಬಿನ ರೈಲಿನ ಹಾಗೆ ನಿಧಾನವಾಗಿಯೇ ಎಳೆಯುತ್ತದೆ.

ಅರ್ಧ ಹಣ ಮುಂಗಡವಾಗಿ ಕೊಡಬೇಕು. ಆರ್ಡರ್ ಕೊಡುವಾಗಲೇ ಎರಡು ತುದಿಯ ಅಚ್ಚುಗಳನ್ನು ಸಡಿಲವಾಗಿ ಕೂರಿಸಲು ಹೇಳಿದರೆ ಹೆಚ್ಚುವರಿ ಹಣವಿಲ್ಲದೆ ಮಾಡಿಕೊಡುವುದಾಗಿ ತಯಾರಕರು ಈಗ ಒಪ್ಪಿದ್ದಾರೆ. ರಸೀದಿಯಲ್ಲಿ ಅದನ್ನು ಬರೆಸಿಕೊಳ್ಳಿ.